ಉಪಚಾರ ಕಲಿತ ಮೇಜು

ಕರುಣಾ ಎದುರಿಗೆ ಕೂತವರ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಅವಳನ್ನು ಮೊದಲ ಸಲ ಕಂಡವರೆಲ್ಲ ಇದರಿಂದ ಏನೇನೋ ತಿಳಿದುಕೊಳ್ಳುತ್ತಾರೆ. ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂಗಾರದ ಬಳೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ನವಲೂರು ದಾಟುವ ಮುಂಚೆಯೇ ಎದ್ದು ಬೇರೆ ಸೀಟಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಕೆಲವರು ಅವಳನ್ನು ಹಸ್ತಸಾಮುದ್ರಿಕೆಯವಳೆಂದು ತಿಳಿದು ತಾವಾಗಿಯೇ ಅಂಗೈ ಚಾಚುತ್ತಿದ್ದರು. ಅವಳು ಬೇಡ ಎನ್ನುತ್ತಿರಲಿಲ್ಲ. ಕೈ ಹಿಡಿದು ಬೆರಳು ಎಷ್ಟು ಅಗಲವಾಗುತ್ತವೆ, ಹೆಬ್ಬೆರಳು ಎಲ್ಲಿಯವರೆಗೆ ಬಾಗುತ್ತದೆ ಎಂದು ನೋಡಿಕೊಳ್ಳುತ್ತ, ಬಾಯಿಗೆ ಬಂದ ಭವಿಷ್ಯ ಹೇಳಿ ಕಳಿಸುತ್ತಿದ್ದಳು. ಅವಳು ಹೇಳಿದ್ದರಿಂದ ಮಗಳ ಮದುವೆಯನ್ನು ಮುಂದೂಡಿದ ಒಬ್ಬ ಮನುಷ್ಯ ಈಗಲೂ ಗೋಪನಕೊಪ್ಪದಲ್ಲಿದ್ದಾನೆ.

ಇಂಥವಳ ಜೊತೆ ನಾನು ಕೆಲಸ ಮಾಡಿದೆ. ನನ್ನ ಹೆಸರು ಮೈಲಾರಿ. ಬಡಗಿ ಕೆಲಸವೂ ವೈರಿಂಗ್ ಕೆಲಸವೂ ಬರುತ್ತಿದ್ದುದರಿಂದ ಬೈರಿದೇವರಕೊಪ್ಪದ ಸಣ್ಣದೊಂದು ಕಂಪ್ಯೂಟರ್ ಕಂಪನಿಯವರು ನನ್ನನ್ನು ಇಟ್ಟುಕೊಂಡಿದ್ದರು. ಮೊಳೆ ಹೊಡೆಯುವವನಿಗೆ ಅಲ್ಲಿ ‘ಹಾರ್ಡ್‌ವೇರ್’ ಎನ್ನುತ್ತಿದ್ದರು. ಮಾಲೀಕರು ಶಶಿಕಾಂತ ಸರ್. ಪುಣೆಯಲ್ಲಿ ಓದಿ ಬಂದವರು, ಮನುಷ್ಯರು ಒಳ್ಳೆಯವರು, ಆದರೆ ವಿದೇಶದ ವಿಡಿಯೋ ನೋಡಿದ ದಿನ ಅವರ ಹತ್ತಿರ ಸುಳಿಯಬಾರದು. ಎರಡು ಸಾವಿರದ ಎಂಟರ ಸುಮಾರಿಗೆ ಅವರು ಅಂಥದೊಂದು ವಿಡಿಯೋ ನೋಡಿದರು. ಮೇಜೇ ಕಂಪ್ಯೂಟರ್ ಆಗಿತ್ತು. ಮೇಲಿನ ಗಾಜಿನ ಮೇಲೆ ಚಿತ್ರ ಮೂಡುತ್ತಿತ್ತು, ಬೆರಳಿನಿಂದ ಎಳೆದರೆ ಬರುತ್ತಿತ್ತು, ಎರಡೂ ಕೈಯಿಂದ ಹಿಗ್ಗಿಸಿದರೆ ಹಿಗ್ಗುತ್ತಿತ್ತು. ಮರುವಾರವೇ ನಾನು ದೊಡ್ಡದೊಂದು ಕಟ್ಟಿಗೆಯ ಪೆಟ್ಟಿಗೆ ಮಾಡಲು ಕೂತಿದ್ದೆ. ಪೆಟ್ಟಿಗೆಯೊಳಗೆ ಒಂದು ಪ್ರೊಜೆಕ್ಟರ್, ಒಂದು ಕನ್ನಡಿ, ಒಂದು ಕ್ಯಾಮೆರಾ ಮತ್ತು ಕಣ್ಣಿಗೆ ಕಾಣದ ಬೆಳಕು ಬೀರುವ ಸಾಲು ಸಾಲು ದೀಪ. ಮೇಲಿನ ಗಾಜಿನ ಹತ್ತಿರ ಕೈ ಬಂದರೆ ಕೆಳಗಿನ ಕ್ಯಾಮೆರಾಕ್ಕೆ ಅದರ ಆಕಾರ ಕಾಣುತ್ತದೆ. ಯಾವ ಆಕಾರಕ್ಕೆ ಮೇಜು ಏನು ಮಾಡಬೇಕು ಎಂದು ನಿರ್ಧರಿಸುವುದು ಕರುಣಾಳ ಕೆಲಸ.

ಅದನ್ನು ಕೊಳ್ಳುವ ಧೈರ್ಯ ಮಾಡಿದವರು ಉಳವಪ್ಪನವರು. ಊರೊಳಗಿನ ಅವರ ಖಾನಾವಳಿ ಉಣ್ಣಬಲ್ಲವರಿಗೆಲ್ಲ ಗೊತ್ತು. ಈಗ ದೊಡ್ಡ ರಸ್ತೆಗೆ ಹೊಸದೊಂದು ಊಟದ ಹೋಟೆಲು ಕಟ್ಟಿಸಿದ್ದರು, ಬಸವ ಜಯಂತಿಯ ದಿನ ಶುರು ಮಾಡುವುದಿತ್ತು. ನಟ್ಟನಡುವೆ ಈ ಮೇಜು ಇರಬೇಕು, ಕೂತವರು ಚಿತ್ರ ಮುಟ್ಟಿ ರೊಟ್ಟಿ, ಎಣ್ಣೆಗಾಯಿ ತರಿಸಿಕೊಳ್ಳಬೇಕು, ಊರೆಲ್ಲ ನೋಡಲು ಬರಬೇಕು ಎಂಬುದು ಅವರ ಆಸೆ.

ಕರುಣಾಳ ಆಸೆ ಬೇರೆ ಇತ್ತು. ಅದು ಅವಳ ಆಯಿಯದು. ಆಯಿ ಎಂದರೆ ತಂದೆಯ ತಾಯಿ, ಅಕ್ಕವ್ವ. ಅಕ್ಕವ್ವ ಹಳ್ಳಿಯಲ್ಲಿದ್ದ ಕಾಲದಲ್ಲಿ ಅಲ್ಲಿಯ ಚಹಾದಂಗಡಿಯೊಳಗೆ ಅವರ ಓಣಿಯವರಿಗೆ ಪ್ರವೇಶವಿರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂರಬೇಕು, ತಮ್ಮ ಬಟ್ಟಲು ತಾವೇ ತರಬೇಕು, ಅಂಗಡಿಯವನು ಮೇಲಿನಿಂದ ಚಹಾ ಸುರಿಯುತ್ತಿದ್ದ. ಮೇಜು ಮುಟ್ಟುವ ಮಾತೇ ಇರಲಿಲ್ಲ. ಆಮೇಲೆ ಅಕ್ಕವ್ವನ ಮಗ ಓದಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ, ಗೋಪನಕೊಪ್ಪದಲ್ಲಿ ಮನೆ ಕಟ್ಟಿಸಿದ, ಪಡಸಾಲೆಯಲ್ಲಿ ಬುದ್ಧನ ಚಿತ್ರ ಬಂತು. ಕಾಲ ಬದಲಾಯಿತು, ಆಯಿ ಬದಲಾಗಲಿಲ್ಲ. ಮನೆಯವರೆಲ್ಲ ಹೋಟೆಲಿಗೆ ಹೋದರೆ ಆಕೆ ‘ನನಗ ಹಸಿವಿಲ್ಲ, ನೀವ್ ಉಂಡ ಬರ್ರಿ’ ಎಂದು ರಿಕ್ಷಾದಲ್ಲೇ ಕೂರುತ್ತಿದ್ದಳು. ಯಾರು ಕರೆದರೂ ಇಳಿಯುತ್ತಿರಲಿಲ್ಲ.

ಆದರೆ ಆಕೆಯ ಮನೆಯಲ್ಲಿ ನೀವು ಊಟಕ್ಕೆ ಕೂತಿರೋ, ಕಥೆ ಮುಗಿಯಿತು. ನಾನು ಒಮ್ಮೆ ಕೂತಿದ್ದೆ. ‘ಸಾಕ್ರೀ ಆಯಿ’ ಎಂದರೆ ಆಕೆಗೆ ಅದು ‘ಇನ್ನಷ್ಟು ಹಾಕು’ ಎಂದು ಕೇಳಿಸುತ್ತಿತ್ತು. ನಾಲ್ಕು ಸಲ ಸಾಕು ಅಂದೆ, ನಾಲ್ಕು ಹೋಳಿಗೆ ಬಿದ್ದವು. ಎದ್ದು ಕೈ ತೊಳೆಯಲು ಹೋದಾಗಲೂ ಹಿಂದೆಯೇ ಬಂದು ಕೈಗೊಂದು ಬಾಳೆಹಣ್ಣು ಇಟ್ಟಳು.

‘ಮೈಲಾರಣ್ಣ,’ ಎಂದು ಕರುಣಾ ಪೆಟ್ಟಿಗೆಗೆ ಪಾಲಿಶ್ ಹಚ್ಚುತ್ತಿದ್ದ ನನಗೆ ಹೇಳಿದಳು, ‘ಆಯಿನ್ನ ಈ ಟೇಬಲ್ ಮುಂದ ಕುಂದರಸ್ಬೇಕು. ಹೋಟೆಲಿನ್ಯಾಗ, ಎಲ್ಲಾರ ನಡುವ. ನಾ ಮಾಡಿದ್ದು ಅಂದ್ರ ಒಲ್ಲೆ ಅನ್ನಂಗಿಲ್ಲ ಆಕಿ.’

‘ಕುಂದರಸೂಣು ಬಿಡು,’ ಎಂದೆ. ಅಷ್ಟು ಸುಲಭದ ಮಾತು ಎಂದು ತಿಳಿದಿದ್ದೆ.

ಮೊದಲ ತೊಂದರೆ ಕೈಯದೇ. ವಿಡಿಯೋದವರು ಮೇಜಿಗೆ ಎರಡೂ ಕೈ ಹಚ್ಚಿ ಆಡಿಸುತ್ತಿದ್ದರು. ಪಾಪ, ಅವರು ಅಲ್ಲಿ ಊಟ ಮಾಡುತ್ತಿರಲಿಲ್ಲ. ನಮ್ಮವರ ಬಲಗೈ ಪಲ್ಯದಲ್ಲಿರುತ್ತದೆ, ಎಂಜಲು. ಎಡಗೈಯಿಂದ ಅನ್ನ ಕೇಳಲು ಮನಸ್ಸು ಒಪ್ಪುವುದಿಲ್ಲ. ಆಫೀಸಿನಲ್ಲೇ ನಾಲ್ಕು ಜನರನ್ನು ಕೂಡಿಸಿ ನೋಡಿದಾಗ ಒಬ್ಬ ಮಹಾನುಭಾವರು ಮೊಣಕೈಯಿಂದ ಮಜ್ಜಿಗೆ ತರಿಸಲು ನೋಡಿ ಎದುರಿನವರ ಲೋಟ ಉರುಳಿಸಿದರು. ಕರುಣಾ ಇದಕ್ಕೊಂದು ದಾರಿ ಕಂಡುಕೊಂಡಳು. ಗಾಜು ಮುಟ್ಟುವುದೇ ಬೇಡ, ನಾಲ್ಕು ಬೆರಳಿನಷ್ಟು ಮೇಲೆ ಕೈ ಹಿಡಿದರೂ ಕ್ಯಾಮೆರಾಕ್ಕೆ ಮಸುಕಾಗಿ ಕಾಣುತ್ತದೆ, ಅಷ್ಟು ಸಾಕು. ಕೂತವರು ಒಮ್ಮೆ ಗಾಜಿನ ಮೇಲೆ ಕೈ ಆಡಿಸಿದರೆ ಅವರ ಮುಂದಿನ ಭಾಗ ಬೆಳಗುತ್ತದೆ. ಬೇಕಾದ ಚಿತ್ರದ ಮೇಲೆ ಬೆರಳು ತೋರಿಸಿದರೆ ಅಡುಗೆಮನೆಗೆ ಸುದ್ದಿ ಹೋಗುತ್ತದೆ, ಬಡಿಸುವವರು ತರುತ್ತಾರೆ. ನಡುವೆ ಹೋಳಿಗೆಯ ಚಿತ್ರವೊಂದು ತಾನಾಗಿಯೇ ತಾಟಿನ ಕಡೆ ಸರಿದು ಬಂದು, ಬಡಿಸಲೇ ಎಂಬಂತೆ ನಿಲ್ಲುತ್ತದೆ. ಸಾಕಾದವರು ಅದರ ಮೇಲೆ ಅಂಗೈ ಅಡ್ಡ ಹಿಡಿದರೆ ಮೇಜು ತಿಳಿದುಕೊಂಡು ಸುಮ್ಮನಾಗುತ್ತದೆ. ಖಾನಾವಳಿಯಲ್ಲಿ ನಾವೆಲ್ಲ ತಾಟಿನ ಮೇಲೆ ಅಡ್ಡ ಹಿಡಿಯುವ ಅಂಗೈಯೇ ಇದು. ಶಶಿಕಾಂತ ಸರ್‌ಗೆ ಬಹಳ ಹಿಡಿಸಿತು. ನನಗೂ ಹಿಡಿಸಿತು. ನಾವು ಮೂವರೂ ಇದೇ ಊರಿನವರು, ಮೂವರಿಗೂ ಬುದ್ಧಿ ಇರಲಿಲ್ಲ.

ಪರೀಕ್ಷೆಯ ಊಟಕ್ಕೆ ಉಳವಪ್ಪನವರು ತಮ್ಮ ಬೀಗರನ್ನೇ ಕರೆಸಿದರು. ತಲೆಗೆ ಜರಿಪಟಗಾ ಸುತ್ತಿಕೊಂಡು ಬಂದರು, ಮೇಜಿನ ಸುತ್ತ ಕೂತರು, ರೊಟ್ಟಿ ತರಿಸಿಕೊಂಡು ನಕ್ಕರು. ಆಮೇಲೆ ಹೋಳಿಗೆ ಸರಿದು ಬಂತು. ಬೀಗರು ಬೀಗರ ಹಾಗೆಯೇ ಅಂಗೈ ಅಡ್ಡ ಹಿಡಿದು, ‘ಸಾಕ್ರಿ, ಸಾಕ್ರಿ’ ಎಂದರು. ಮೇಜು ತಕ್ಷಣ ಹೋಳಿಗೆಯನ್ನು ಒಳಗೆಳೆದುಕೊಂಡು ಕತ್ತಲಾಯಿತು. ಬೀಗರು ಕಾದರು. ನೀರು ಕುಡಿದರು. ಒಬ್ಬರು ಅಡುಗೆಮನೆಯ ಬಾಗಿಲು ನೋಡಿದರು, ಇನ್ನೊಬ್ಬರು ಖಾಲಿ ತಾಟಿನಲ್ಲಿ ಉಪ್ಪು ನೆಕ್ಕಿದರು. ತಾವಾಗಿಯೇ ಬೆರಳು ತೋರಿಸಿ ಕೇಳಿದರೆ ಮೇಜು ಕೊಡುತ್ತಿತ್ತು, ಆದರೆ ಒಮ್ಮೆ ಒಲ್ಲೆ ಅಂದದ್ದನ್ನು ಕೇಳಿ ತಿನ್ನುವ ಬೀಗ ಇನ್ನೂ ಹುಟ್ಟಬೇಕಷ್ಟೆ. ಅವರ ಸಾಲಿನಲ್ಲೇ ಕೂತಿದ್ದ ನಾನೂ ಹಾಗೆಯೇ ಎದ್ದು ಮನೆಗೆ ಹೋಗಿ ಅನ್ನ ಉಂಡೆ.

ಮರುದಿನ ಉಳವಪ್ಪನವರು ಆಫೀಸಿಗೆ ಬಂದರು. ಚಹಾ ಬೇಡವೆಂದರು, ಕುರ್ಚಿ ಬೇಡವೆಂದರು.

‘ಬೀಗರು ಊರ ತುಂಬ ಏನ್ ಹೇಳಾಕತ್ತಾರ ಗೊತ್ತೇನ್ರಿ? ಉಳವಪ್ಪ ಒಮ್ಮಿ ಕೇಳ್ತಾನ, ಒಲ್ಲೆ ಅಂದ್ರ ಬಿಟ್ಟ ಬಿಡ್ತಾನ ಅಂತ. ನಮ್ಮ ಅಪ್ಪನ ಕಾಲದಿಂದ ಇಂಥಾ ಮಾತ ಕೇಳಿದ್ದಿಲ್ಲ ನಾ. ತಗೊಂಡ ಹೋಗ್ರಿ ನಿಮ್ಮ ಟೇಬಲ್.’

ಶಶಿಕಾಂತ ಸರ್ ಸೋಲಲಿಲ್ಲ. ‘ಅಲ್ರಿ ಉಳವಪ್ಪನವರ, ಬಳಸಾವ್ರು ಬ್ಯಾಡ ಅಂದ್ರ ಬ್ಯಾಡ. ಜಗತ್ತಿನಾಗೆಲ್ಲ ಹಂಗ ಐತಿ.’

‘ಜಗತ್ತ ನಮ್ಮ ಕಡೆ ಉಣ್ಣಾಕ ಬರಂಗಿಲ್ರಿ. ಬೀಗರು ಬರ್ತಾರ.’

ಕರುಣಾ ಅದುವರೆಗೂ ಉಳವಪ್ಪನವರ ಕೈಯನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ, ‘ಕಾಕಾ, ನಿಮಗ ಖರೇನ ಚಹಾ ಬ್ಯಾಡೇನು?’ ಎಂದಳು. ಉಳವಪ್ಪನವರು ಕುರ್ಚಿ ಎಳೆದುಕೊಂಡು, ‘ತರಸ್ರಿ’ ಎಂದರು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಬಸವ ಜಯಂತಿಯವರೆಗೆ ಅವಕಾಶ ಕೊಡಿ, ಆಗಲೂ ಬರದಿದ್ದರೆ ಮೇಜು ಒಯ್ಯುತ್ತೇವೆ ಎಂದು ಚಹಾ ಕುಡಿಸಿಯೇ ಒಪ್ಪಿಸಿದಳು. ಅವರು ಹೋದ ಮೇಲೆ ಶಶಿಕಾಂತ ಸರ್ ಕರುಣಾಳಿಗೆ, ಈ ಸಲ ತಪ್ಪಿದರೆ ವಿಡಿಯೋದಲ್ಲಿರುವಂತೆಯೇ ಮಾಡುತ್ತೇನೆ, ಈ ಕೆಲಸದಲ್ಲಿ ನೀನಿರುವುದಿಲ್ಲ ಎಂದರು.

ಅಂದಿನಿಂದ ನಾನೂ ಅವಳೂ ಖಾನಾವಳಿ ಸುತ್ತಿದೆವು. ಅವಳ ಕೆಲಸ ಕೈ ನೋಡುವುದು, ನನ್ನ ಕೆಲಸ ಕೈ ನೋಡಿಸಿಕೊಂಡವರ ಸಿಟ್ಟು ತಡೆಯುವುದು. ಊಟ ಮಾಡದೆ ಕೂತರೆ ಮಾಲೀಕರು ಎಬ್ಬಿಸುತ್ತಿದ್ದರು, ಹಾಗಾಗಿ ಹೋದಲ್ಲೆಲ್ಲ ಉಣ್ಣಬೇಕಾಯಿತು. ನನ್ನ ಪ್ಯಾಂಟುಗಳು ಬಿಗಿಯಾದದ್ದು ವಿಜ್ಞಾನಕ್ಕಾಗಿ ಎಂದರೆ ಹೆಂಡತಿ ನಂಬಲಿಲ್ಲ. ಹೀಗೆ ಉಂಡು ಉಂಡು ಕರುಣಾ ಒಂದು ಗುಟ್ಟು ಹಿಡಿದಳು. ಉಪಚಾರಕ್ಕೆ ಸಾಕು ಅನ್ನುವವನ ಅಂಗೈ ಅಡ್ಡ ಬರುತ್ತದೆ ನಿಜ, ಆದರೆ ಬೆರಳುಗಳ ನಡುವೆ ತುಪ್ಪ ಇಳಿಯುವಷ್ಟು ಸಂದು ಇರುತ್ತದೆ. ನಿಜವಾಗಿ ಹೊಟ್ಟೆ ತುಂಬಿದವನ ಬೆರಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಂಗೈ ಕೆಳಗೆ ಒತ್ತಿರುತ್ತದೆ. ಬಾಯಿ ಇಬ್ಬರದೂ ಒಂದೇ ಮಾತಾಡುತ್ತದೆ. ಆ ಸಂದು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತಿತ್ತು.

ಅವಳು ಮೇಜಿಗೆ ಹೊಸ ಪಾಠ ಹೇಳಿಕೊಟ್ಟಳು. ಬೆರಳ ನಡುವೆ ಸಂದಿದ್ದರೆ ಹೋಳಿಗೆ ನಾಚಿದಂತೆ ತುಸು ಹಿಂದೆ ಸರಿಯಬೇಕು, ನಿಂತು ನೋಡಬೇಕು, ಮತ್ತೆ ಇನ್ನಷ್ಟು ಹತ್ತಿರ ಬರಬೇಕು. ಸುಮ್ಮನೆ ಕೂತವರಿಗೆ ಬಡಿಸಲು ಅಡುಗೆಮನೆಗೆ ಸುದ್ದಿ ಕಳಿಸಬೇಕು. ಬೆರಳು ಕೂಡಿಸಿ ಒತ್ತಿ ಹಿಡಿದರೆ ಮಾತ್ರ ಬಿಡಬೇಕು. ಈ ಮೇಜು ಯಾರ ಹತ್ತಿರ ಉಪಚಾರ ಕಲಿತಿತ್ತು ಎಂಬುದು ಗೋಪನಕೊಪ್ಪದಲ್ಲಿ ಉಂಡ ನನಗೆ ಗೊತ್ತಿತ್ತು.

ಎರಡನೆಯ ಪರೀಕ್ಷೆಗೆ ಶಶಿಕಾಂತ ಸರ್ ತಾವೇ ಕೂತರು. ಸಕ್ಕರೆ ತಿನ್ನಬಾರದು ಎಂದು ಡಾಕ್ಟರು ಹೇಳಿದ್ದರು. ಹೋಳಿಗೆ ಬಂತು. ಸರ್ ಅಂಗೈ ಅಡ್ಡ ಹಿಡಿದರು, ಬೆರಳುಗಳು ಬೀಸಣಿಕೆಯಂತೆ ಅಗಲವಾಗಿದ್ದವು. ಹೋಳಿಗೆಯ ಚಿತ್ರ ಹಿಂದೆ ಸರಿದು ಮುಂದೆ ಬಂತು, ಬಡಿಸುವವನು ತಂದ ಹೋಳಿಗೆ ತಾಟಿಗೂ ಬಿತ್ತು. ‘ಬ್ಯಾಡ ಅಂದ್ನೆಲ್ಲ’ ಎಂದು ಮತ್ತೆ ಹಿಡಿದರು. ಮತ್ತೂ ಅಗಲ. ಮತ್ತೊಂದು ಬಿತ್ತು. ಬಿದ್ದದ್ದನ್ನೆಲ್ಲ ಅವರು ತಿಂದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಕೊನೆಗೆ ನಿಜವಾಗಿ ಸಾಕಾದಾಗ ಬೆರಳು ತಾವಾಗಿಯೇ ಕೂಡಿಕೊಂಡವು, ಮೇಜು ಸುಮ್ಮನಾಯಿತು. ಉಳವಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ನಮ್ಮವ್ವ ಹಿಂಗ ಬಡಿಸ್ತಿದ್ಲು’ ಎಂದು ಕಣ್ಣೂ ಒರೆಸಿಕೊಂಡರು.

ಬಸವ ಜಯಂತಿಯ ಹಿಂದಿನ ದಿನ ಕರುಣಾ ಆಯಿಯನ್ನು ಕರೆತಂದಳು. ಮಾರನೆಯ ದಿನದ ಗದ್ದಲದಲ್ಲಿ ಆಯಿ ಹಿಂಜರಿದಾಳು, ಇವತ್ತೊಮ್ಮೆ ರೂಢಿಯಾಗಲಿ ಎಂದು. ರಿಕ್ಷಾದಿಂದ ಇಳಿಸಲಿಕ್ಕೇ ಬಹಳ ಹೊತ್ತು ಹಿಡಿಯಿತು. ಉಳವಪ್ಪನವರು ತಾವೇ ಬಾಗಿಲಿಗೆ ಬಂದು, ‘ಬರ್ರಿ ಯವ್ವಾ, ಒಳಗ ಬರ್ರಿ’ ಎಂದರು. ಆಯಿ ಬಂದಳು. ಮೇಜಿನ ಮುಂದಿನ ಕುರ್ಚಿಯ ಅಂಚಿನಲ್ಲಿ ಕೂತಳು, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಳು.

ಮೇಜು ಕತ್ತಲಾಗಿಯೇ ಇತ್ತು.

‘ಆಯಿ, ಕೈ ಆಡಸಬೇ ಅದರ ಮ್ಯಾಲ.’

‘ಇರ್ಲಿ ಯವ್ವಾ. ನಾ ನೋಡತೇನಿ. ಛಲೋ ಐತಿ.’

‘ಹಂಗಲ್ಲ, ಕೈ ಮುಂದ ತಾ.’

‘ಗಾಜ ಹೊಲಸಾಕ್ಕೇತಿ,’ ಎಂದ ಆಯಿ ಕೈಯನ್ನು ಇನ್ನೂ ಒಳಕ್ಕೆ ಎಳೆದುಕೊಂಡಳು.

ಕೈ ಕಾಣದಿದ್ದರೆ ಅಲ್ಲಿ ಯಾರೂ ಕೂತಿಲ್ಲ ಎಂದು ಮೇಜಿನ ಲೆಕ್ಕ. ಪಕ್ಕದಲ್ಲಿ ಕೂತಿದ್ದ ಉಳವಪ್ಪನವರ ಮುಂದೆ ಬೆಳಗಿತ್ತು, ನನ್ನ ಮುಂದೆ ಬೆಳಗಿತ್ತು, ಆಯಿಯ ಮುಂದೆ ಮಾತ್ರ ಇಲ್ಲ. ಕರುಣಾ ಮತ್ತೆ ಒತ್ತಾಯ ಮಾಡಲಿಲ್ಲ. ಆಯಿಯನ್ನು ರಿಕ್ಷಾ ಹತ್ತಿಸಿ ಬಂದು ಹಿತ್ತಿಲ ಬಾಗಿಲಲ್ಲಿ ಕೂತಳು. ನಾನು ಪಕ್ಕದಲ್ಲಿ ಕೂತೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗದೆ ಇನ್ನಷ್ಟು ಸಿಟ್ಟು ಬಂದಿತ್ತು.

‘ಊರ ಮಂದಿ ಕೈಯೆಲ್ಲಾ ನೋಡಿದ್ನಿ, ಮೈಲಾರಣ್ಣ,’ ಎಂದಳು. ‘ಆಯಿ ಕೈ ನೋಡಲಿಲ್ಲ. ಮುಂದ ಕೈ ಮಾಡಿದಾವ್ರಿಗಷ್ಟ ಊಟ ಅಂತ ನಾನ ಬರದೇನಿ.’

‘ಮತ್ತೇನ್ ಮಾಡೂಣು?’

‘ಆಕಿ ಮನ್ಯಾಗ ಬಂದಾವ್ರು ಕೈ ಮುಂದ ಮಾಡ್ತಾರೇನು? ಕುಂತರ ಸಾಕು, ಬಡಸ್ತಾಳ.’

ನನಗೆ ಅರ್ಥವಾಯಿತು. ಕುರ್ಚಿಯ ಮೆತ್ತೆಯ ಕೆಳಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಕೂಡಿಸಿ, ಕಾಲಿನೊಳಗಿನಿಂದ ತಂತಿ ಎಳೆದರೆ, ಕೂತವರನ್ನು ಮೇಜೇ ಮೊದಲು ಮಾತಾಡಿಸಬಹುದು. ಆದರೆ ಶಶಿಕಾಂತ ಸರ್ ಒಪ್ಪಲಿಲ್ಲ. ‘ನಾಳೆ ಉದ್ಘಾಟನೆ ಐತಿ. ಈಗ ಒಂದ ತಂತಿ ಅಲುಗಿಸಿದ್ರೂ ನಾಳೆಯಿಂದ ನೀವಿಬ್ರೂ ಬರೂದ ಬ್ಯಾಡ,’ ಎಂದು ಖಡಕ್ಕಾಗಿ ಹೇಳಿದರು. ಹೇಳಿ, ಪರೀಕ್ಷೆಗೆಂದು ಇನ್ನೆರಡು ಹೋಳಿಗೆ ತಿಂದು, ಹಿಂದಿನ ಕೋಣೆಯ ಬೆಂಚಿನ ಮೇಲೆ ಅಡ್ಡಾದರು. ಹೋಳಿಗೆಯ ಮೇಲೆ ಬರುವ ನಿದ್ದೆ ಎಂಥದೆಂದು ನಮಗೆ ಗೊತ್ತಿತ್ತು. ಅವರು ಎದ್ದು ಮುಖ ತೊಳೆಯುವಷ್ಟರಲ್ಲಿ ನಾನು ಮೆತ್ತೆ ಹೊಲಿದು ಮುಗಿಸಿದ್ದೆ, ಕರುಣಾ ಹೊಸ ನಿಯಮ ಬರೆದು ಮುಗಿಸಿದ್ದಳು.

ಒಂದು ಚಿಂತೆ ಉಳಿದಿತ್ತು. ಆಯಿ ಬಹಳ ಹಗುರ. ಆಕೆ ಕೂತದ್ದು ಸ್ವಿಚ್ಚಿಗೆ ತಿಳಿಯಬೇಕಲ್ಲ. ಅದಕ್ಕೆ ನಾನು ಸ್ಪ್ರಿಂಗನ್ನು ತೀರ ಮೆತ್ತಗೆ ಮಾಡಿದೆ.

ಮೆತ್ತಗಾದದ್ದು ಹೆಚ್ಚೇ ಆಯಿತು. ಬಸವ ಜಯಂತಿಯ ದಿನ ಪೂಜೆ ಮುಗಿಯುತ್ತಲೇ ಯಾರೋ ಬೀಗರು ತೆಂಗಿನಕಾಯಿಯ ಚೀಲವನ್ನು ಖಾಲಿ ಇದ್ದ ಅದೇ ಕುರ್ಚಿಯ ಮೇಲಿಟ್ಟರು. ಮೇಜು ಚೀಲದ ಮುಂದೆ ಬೆಳಗಿತು, ಹೋಳಿಗೆ ಸರಿದು ಬಂತು. ಚೀಲ ಒಲ್ಲೆ ಅನ್ನಲಿಲ್ಲ. ಬಡಿಸುವವರು ಬಂದು ಒಂದೊಂದಾಗಿ ಬಡಿಸಿ ಹೋಗುತ್ತಿದ್ದರು, ಚೀಲದ ಮುಂದೆ ಹೋಳಿಗೆಯ ಗುಡ್ಡೆ ಏಳುತ್ತಿತ್ತು. ಶಶಿಕಾಂತ ಸರ್ ಮೊದಲು ಚೀಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಮುಷ್ಟಿ ಬಿಗಿಯಾದದ್ದನ್ನು ಕರುಣಾ ಕೂಡ ನೋಡಿದಳು. ನಾನು ಓಡಿಹೋಗಿ ಚೀಲ ಎತ್ತಿದೆ. ಬೀಗರು ಮಾತ್ರ, ‘ಉಳವಪ್ಪ ತೆಂಗಿನಕಾಯಿಗೂ ಉಪಚಾರ ಮಾಡ್ತಾನಪಾ’ ಎಂದು ಖುಷಿಯಾಗಿದ್ದರು. ಊರ ತುಂಬ ಈ ಸಲ ಈ ಮಾತು ಹೋಯಿತು.

ಸರ್ ನಮ್ಮ ಹತ್ತಿರ ಬಂದು, ‘ಇವತ್ತಿಂದ—’ ಎಂದು ಶುರು ಮಾಡುವಷ್ಟರಲ್ಲಿ ಬಾಗಿಲಲ್ಲಿ ಕರುಣಾಳ ತಂದೆ ಆಯಿಯನ್ನು ಕರೆದುಕೊಂಡು ಬಂದರು. ಮೊಮ್ಮಗಳು ನಿನ್ನೆ ರಾತ್ರಿ ಅನ್ನ ಬಿಟ್ಟಿದ್ದಳಂತೆ, ಅದಕ್ಕೆ ಹೆದರಿ ಆಯಿ ಬಂದಿದ್ದಳು. ನಾನು ಚೀಲ ಎತ್ತಿದ್ದ ಕುರ್ಚಿಯೇ ಖಾಲಿ ಇತ್ತು. ಆಯಿ ಅದರ ಅಂಚಿನಲ್ಲಿ ಕೂತಳು, ಕೈ ಸೆರಗಿನೊಳಗೆ ಹೋದವು.

ಮೇಜು ಬೆಳಗಲಿಲ್ಲ. ಅಂಚಿನಲ್ಲಿ ಕೂತವರ ಕೆಳಗೆ ಸ್ವಿಚ್ಚು ಇರಲಿಲ್ಲ.

ಕರುಣಾ ನನ್ನ ಕೈ ಹಿಡಿದುಕೊಂಡಳು. ಆಗ ಉಳವಪ್ಪನವರು, ಇದೇನೂ ಗೊತ್ತಿಲ್ಲದೆ, ಹಾದು ಹೋಗುತ್ತ ಹೇಳಿದರು, ‘ಯವ್ವಾ, ಬಿದ್ದೀರಿ. ಹಿಂದ ಸರದ ಆರಾಮ ಕುಂದರ್ರಿ.’ ಆಯಿ ಹಿಂದಕ್ಕೆ ಸರಿದಳು. ಅವಳ ಮುಂದೆ ದೊಡ್ಡದೊಂದು ಬೆಳಕಿನ ತಾಟು ಮೂಡಿತು.

ಹೋಳಿಗೆ ಸರಿದು ಬಂತು. ಆಯಿ ಚಿತ್ರ ನೋಡಿದಳು, ಸುಮ್ಮನೆ ಕೂತಳು. ತಾಟಿಗೆ ಒಂದು ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು. ‘ಒಲ್ಲೇನಪಾ’ ಎಂದು ಆಯಿ ಬಡಿಸುವವನಿಗೆ ಹೇಳುವಷ್ಟರಲ್ಲಿ ಅವನು ಹೋಗಿದ್ದ. ಬಲಗೈ ಹೊರಗೆ ಬಂತು, ಒಂದು ತುತ್ತು ಮುರಿಯಿತು. ಮತ್ತೆ ಚಿತ್ರ ಸರಿದು ಬಂತು. ಆಯಿ ಒಲ್ಲೆ ಎಂದು ತಲೆ ಅಲ್ಲಾಡಿಸಿದಳು. ಮೇಜಿಗೆ ತಲೆ ಕಾಣುವುದಿಲ್ಲ. ಎರಡನೆಯದು ಬಿತ್ತು. ‘ಏ, ಯಾರ್ ಉಣ್ಣಾವ್ರು ಇಷ್ಟ?’ ಎಂದಳು. ಮೇಜಿಗೆ ಕಿವಿಯೂ ಇಲ್ಲ. ಮೂರನೆಯದಕ್ಕೆ ಚಿತ್ರ ತಾಟಿನ ಅಂಚಿಗೇ ಬಂದು ನಿಂತಾಗ ಅಕ್ಕವ್ವನಿಗೆ ಸಿಟ್ಟು ನೆತ್ತಿಗೇರಿತು. ಸೆರಗಿನಿಂದ ಎಡಗೈ ತೆಗೆದು, ಬೆರಳು ಕೂಡಿಸಿ, ಗಾಜಿನ ಮೇಲೆ ಫಟ್ಟನೆ ಬಡಿದಳು.

‘ಸಾಕ ಅಂದ್ನೆಲ್ಲಾ. ಒಮ್ಮಿ ಹೇಳಿದ್ರ ತಿಳಿಯಂಗಿಲ್ಲೇನು ನಿನಗ?’

ಸುತ್ತಲಿನವರು ತಿರುಗಿ ನೋಡಿದರು. ಹೋಳಿಗೆಯ ಚಿತ್ರ ಹಿಂದೆ ಸರಿದು ಮಾಯವಾಯಿತು.

‘ಹಾಂ. ಈಗ ಕೇಳ್ತು,’ ಎಂದಳು ಆಯಿ.

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು ನಿಂತೆ. ಶಶಿಕಾಂತ ಸರ್ ತಾವು ಶುರು ಮಾಡಿದ ಮಾತನ್ನು ಮುಗಿಸಲಿಲ್ಲ, ಕರ್ಚೀಫು ಹುಡುಕುತ್ತ ಹೊರಗೆ ಹೋದರು. ಮರುದಿನ ನಾವಿಬ್ಬರೂ ಎಂದಿನಂತೆ ಕೆಲಸಕ್ಕೆ ಹೋದೆವು, ಯಾರೂ ಏನೂ ಕೇಳಲಿಲ್ಲ.

ಆಯಿ ಬಲಗೈಯಿಂದ ನಿಧಾನವಾಗಿ ಎರಡೂ ಹೋಳಿಗೆ ಮುಗಿಸಿದಳು. ಎಡಗೈ ಅಷ್ಟು ಹೊತ್ತೂ ಮೇಜಿನ ಮೇಲೆಯೇ ಇತ್ತು, ತೆಗೆಯುವ ನೆನಪೇ ಆಕೆಗೆ ಆಗಲಿಲ್ಲ. ಅಡುಗೆಮನೆಗೆ ಆ ಕುರ್ಚಿಯಿಂದ ಸಾಕು, ಸಾಕು, ಸಾಕು ಎಂದು ಸುದ್ದಿ ಹೋಗುತ್ತಲೇ ಇತ್ತು. ಬಡಿಸುವವನು ರೋಸಿಹೋಗಿ ಬಂದ. ‘ಅಕ್ಕಾರ, ಆ ಯವ್ವಗ ಟೇಬಲ್ ಮ್ಯಾಲಿಂದ ಕೈ ತಗೀ ಅಂತ ಹೇಳ್ರಿ,’ ಎಂದ.

‘ಇರ್ಲಿ ಬಿಡಪಾ,’ ಎಂದಳು ಕರುಣಾ, ಆ ಕೈಯನ್ನೇ ನೋಡುತ್ತ.